ಮೂಕಪ್ಪ ಸೋತ ಸಂಜೆ

ಹೆಸರು ಮೂಕಪ್ಪ ಎಂದಿದ್ದರೂ ಆತನ ಬಾಯಿ ಸುಮ್ಮನಿದ್ದದ್ದನ್ನು ಮಾನ್ವಿಯಲ್ಲಿ ಕಂಡವರಿಲ್ಲ. ಅದರಲ್ಲೂ ಫೋನಿನ ಮಾತು ಬಂದರೆ ಮುಗಿದೇ ಹೋಯಿತು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹಂಪಯ್ಯನ ಮೊಬೈಲ್ ಅಂಗಡಿ ಇದೆ, ಅಂಗಡಿಯ ಮುಂದೆ ಕಲ್ಲಿನ ಕಟ್ಟೆ. ಬಿಸಿಲು ಇಳಿಯುವ ಹೊತ್ತಿಗೆ ಮೂಕಪ್ಪ ಬಂದು ಆ ಕಟ್ಟೆಯ ಮೇಲೆ ಕೂತನೆಂದರೆ, ಯಾವ ಕಂಪನಿ ಯಾವ ಹೊಸ ಫೋನು ಬಿಡುತ್ತಿದೆ, ಅದರ ಬ್ಯಾಟರಿ ಎಷ್ಟು, ಪ್ರೊಸೆಸರ್ ಎಂಥದು ಎಂಬ ಪಂಚಾಯಿತಿ ಶುರುವಾಯಿತೆಂದೇ ಲೆಕ್ಕ. ಎದುರು ವಾದಿಸಿದ ಕಾಲೇಜು ಹುಡುಗರೆಲ್ಲ ಕೊನೆಗೆ "ನೀನ ಗೆದ್ದಿ ತಾತಾ" ಎಂದು ಕೈ ಮುಗಿದು ಏಳುತ್ತಿದ್ದರು.

ಮೂಕಪ್ಪ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತನಾದವನು. ಹುಟ್ಟೂರು ದೇವದುರ್ಗ ತಾಲೂಕಿನ ಮಸರಕಲ್. ಆತ ಹುಡುಗನಾಗಿದ್ದಾಗ ಊರಿಗೆಲ್ಲ ಇದ್ದದ್ದು ಒಂದೇ ಫೋನು, ಅದೂ ದೊಡ್ಡ ಮನೆಯ ಪಡಸಾಲೆಯಲ್ಲಿ. ಮೂಕಪ್ಪನ ಕೇರಿಯವರಿಗೆ ಫೋನು ಬಂದರೆ ಒಳಗಿನವರೇ ಮಾತಾಡಿ, ಆಮೇಲೆ ಕಟ್ಟೆಯ ಮೇಲೆ ನಿಂತು ಸುದ್ದಿಯನ್ನು ಕೂಗಿ ಹೇಳುತ್ತಿದ್ದರು. ಇವರು ಕೆಳಗೆ ಬೇವಿನ ಗಿಡದ ಬುಡದಲ್ಲಿ ನಿಂತು ಕೇಳಿಸಿಕೊಂಡು ಹೋಗಬೇಕು. ಸೋದರಮಾವ ರಾಯಚೂರಿನ ದವಾಖಾನೆಯಲ್ಲಿ ತೀರಿಕೊಂಡ ಸುದ್ದಿ ಹಾಗೆಯೇ ಬಂತು. ಮೂಕಪ್ಪನ ಅವ್ವ ಕೆಳಗಿನಿಂದಲೇ, "ಕಡೀಕ ಏನರ ಅಂದನಂತೇನ್ರಿ?" ಎಂದು ಕೇಳಿದಳು. "ಅದನ್ನೆಲ್ಲ ಯಾರು ಕೇಳ್ತಾರ" ಎಂದು ಮೇಲಿನಿಂದ ಉತ್ತರ ಬಂತು. ಆ ಕರೀ ಡಬ್ಬಿಯೊಳಗೆ ಮಾವನ ಮಾತು ಇನ್ನೂ ಉಳಿದಿರಬೇಕು, ತಾನೇ ಕಿವಿಗೆ ಹಚ್ಚಿಕೊಂಡಿದ್ದರೆ ಕೇಳಿಸುತ್ತಿತ್ತು ಎಂದು ಆ ಹುಡುಗನಿಗೆ ಬಹಳ ದಿನ ಅನ್ನಿಸುತ್ತಿತ್ತು.

ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಕೇಬಲ್ ಹಾಕುವ ಕಾಲುವೆ ಅಗಿಯಲು ಕೂಲಿಗೆ ಹೋದ. ಗುದ್ದಲಿ ಹಿಡಿದವನು ಕ್ರಮೇಣ ಕಟಿಂಗ್ ಪ್ಲೇಯರ್ ಹಿಡಿದ, ಕಂಬ ಹತ್ತಿದ, ನೌಕರಿ ಕಾಯಂ ಆಯಿತು. ಹಿರೇಕೊಟ್ನೆಕಲ್‌ನ ಹೊಲಗಳಲ್ಲಿ, ದೇವದುರ್ಗದ ಗುಡ್ಡದ ಸಾಲಿನಲ್ಲಿ ಆತ ಹತ್ತದ ಕಂಬವಿಲ್ಲ. ಒಮ್ಮೆ ಮಸರಕಲ್‌ನ ಅದೇ ದೊಡ್ಡ ಮನೆಯ ಫೋನು ಕೆಟ್ಟಿತು. ಚೀಲ ಹೆಗಲಿಗೇರಿಸಿಕೊಂಡು ಹೋದ ಮೂಕಪ್ಪ ಬೇವಿನ ಗಿಡದ ಹತ್ತಿರ ತಾನಾಗಿಯೇ ನಿಂತುಬಿಟ್ಟ. ಒಳಗಿನಿಂದ ಆ ಮನೆಯ ಮುದುಕಿ, "ಅಲ್ಲೇನು ನಿಂತಿ, ಫೋನು ಒಳಗ ಅದ" ಎಂದು ಕರೆದಳು. ಹೋಗಿ ದುರಸ್ತಿ ಮಾಡಿ ರಿಸೀವರ್ ಎತ್ತಿ, ಎಕ್ಸ್‌ಚೇಂಜಿಗೆ, "ಹಲೋ, ಮಸರಕಲ್‌ನಿಂದ ಮೂಕಪ್ಪ ಮಾತಾಡಾಕತ್ತೀನಿ" ಎಂದ. ಬೇಕಿದ್ದಕ್ಕಿಂತ ದೊಡ್ಡ ದನಿಯಲ್ಲಿಯೇ ಹೇಳಿದ. ಹೊರಗೆ ಕೇರಿಯವರು ನಾಲ್ಕು ಮಂದಿ ನಿಂತಿದ್ದರು.

ಆಮೇಲೆ ಮೊಬೈಲು ಬಂತು. ಹಾಕಿದ ತಂತಿಯನ್ನು ತಾವೇ ಸುತ್ತಿ ತೆಗೆಯಬೇಕಾದಾಗ ಜೊತೆಗಾರರೆಲ್ಲ ಮಂಕಾದರು. ಮೂಕಪ್ಪನಿಗೆ ಹಾಗೇನೂ ಆಗಲಿಲ್ಲ. "ತಂತಿ ಹೋದ್ರ ಹೋಗ್ಲಿ ಬಿಡ್ರಿ. ಇನ್ನ ಯಾರ ಪಡಸಾಲಿ ಮುಂದೂ ನಿಂದ್ರೋದು ತಪ್ಪಿತಿಲ್ಲೋ" ಎಂದ. ಮೊದಲು ಕೊಂಡ ಫೋನನ್ನು ವಾರದೊಳಗೇ ಬಿಚ್ಚಿ, ತಟ್ಟೆಯಲ್ಲಿ ಹರವಿಕೊಂಡು ಕೂತ. ಅದನ್ನು ಮತ್ತೆ ಜೋಡಿಸುವಾಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಸ್ಕ್ರೂ ಎತ್ತಿ ಕೊಟ್ಟವಳು ಮಗಳು ವಿಶಾಖಾ.

ಆ ಮನೆಯಲ್ಲಿ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಕೆಳಗೆ ಕೂತು ಉಣ್ಣುವಾಗ ತಂದೆ ಮಗಳ ಜಗಳವಿತ್ತು. ಮಳೆ ಎಲ್ಲಿಂದ ಬರುತ್ತದೆ ಎಂಬುದರಿಂದ ಹಿಡಿದು ಹುಣಿಸೆ ಮರದಲ್ಲಿ ದೆವ್ವ ಇರುತ್ತದೋ ಇಲ್ಲವೋ ಎಂಬತನಕ ವಾದ. ಮಗಳು ಸುಮ್ಮನೆ ತಲೆ ಆಡಿಸಿದರೆ ಮೂಕಪ್ಪನಿಗೆ ಸಿಟ್ಟು. "ಅಪ್ಪ ಹೇಳಿದ ಅಂತ ಒಪ್ಪಬ್ಯಾಡ. ನಿನಗ ಖರೆ ಅನ್ಸಿದ್ರ ಒಪ್ಪು, ಇಲ್ಲಾಂದ್ರ ಕೇಳು" ಎನ್ನುತ್ತಿದ್ದ. ಅವಳವ್ವ ಬಸ್ಸಮ್ಮ ಹತ್ತಿ ಬಿಡಿಸಿ ಬಂದು ರೊಟ್ಟಿ ಬಡಿಯುತ್ತ, "ಉಣ್ಣಾಕ ಕುಂತೀರೋ, ಕೋರ್ಟಿಗಿ ಬಂದೀರೋ?" ಎಂದು ಬೈಯುತ್ತಿದ್ದಳು. ಹಾಗೆ ವಾದಿಸುತ್ತಲೇ ವಿಶಾಖಾ ಡಿಪ್ಲೊಮಾ ಮುಗಿಸಿದಳು, ಎಂಜಿನಿಯರಿಂಗ್ ಓದಿದಳು. ಈಗ ರಾಯಚೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ಶನಿವಾರ ಸಂಜೆಯ ಬಸ್ಸಿಗೆ ಮಾನ್ವಿಗೆ ಬಂದರೆ ಸೋಮವಾರ ಬೆಳಿಗ್ಗೆ ವಾಪಸ್ಸು.

ಅಂಥ ಒಂದು ಶನಿವಾರ ನಡೆದದ್ದು ಇದು. ಅಂದು ಮಧ್ಯಾಹ್ನವಷ್ಟೇ ನಿಯೋರಾ ಎಂಬ ಕಂಪನಿ ತನ್ನ ಹೊಸ ಫೋನನ್ನು ಘೋಷಿಸಿತ್ತು. ಫೋನು ಅಂಗಡಿಗೆ ಬರಲು ಇನ್ನೂ ದಿನಗಳಿದ್ದವು. ಬಂದದ್ದು ಬರೀ ವಿವರ. ಅಷ್ಟಕ್ಕೇ ಕಟ್ಟೆ ತುಂಬಿತ್ತು. ಎದುರು ಸಾಲಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಸೂಫಿಯಾಗೆ ಫೋನು ಬೇಕಾಗಿತ್ತು. ಕುಬಸದ ಡಿಸೈನಿನ ಫೋಟೊ ತೆಗೆದು ಗಿರಾಕಿಗಳಿಗೆ ಕಳಿಸಬೇಕು, ವಿಡಿಯೊ ಮಾಡಬೇಕು. ಅವಳೂ ಬಂದು ನಿಂತಿದ್ದಳು. ಮೂಕಪ್ಪ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ತನ್ನ ಫೋನಿನಲ್ಲಿ ಬಂದ ಆ ವಿವರವನ್ನು ಮುಹೂರ್ತ ಓದುವವರಂತೆ ಓದುತ್ತಿದ್ದ.

"ಕೇಳ್ರಿ. ಎರಡುನೂರು ಮೆಗಾಪಿಕ್ಸೆಲ್ ಕ್ಯಾಮೆರಾ. ಇಪ್ಪತ್ನಾಕು ಜಿಬಿ ರ್‍ಯಾಮ್. ಬ್ಯಾಟರಿ ಏಳು ಸಾವಿರ. ಬಿಸಿಲಾಗ ಬೆಂಕಿಹಂಗ ಹೊಳಿಯೋ ಡಿಸ್‌ಪ್ಲೇ. ಸೂಫಿಯಾ, ಕಣ್ಣು ಮುಚ್ಚಿ ಬುಕ್ ಮಾಡು. ಇದನ್ನ ಮೀರಿಸೋ ಫೋನು ಈ ವರ್ಷ ಬರಂಗಿಲ್ಲ. ಬಂದ್ರ ನನ್ನ ಹೆಸರು ಬ್ಯಾರೆ ಇಡ್ರಿ!"

ಅಷ್ಟೊತ್ತಿಗೆ ವಿಶಾಖಾ ಬಸ್ಸಿಳಿದು ಹೆಗಲಿಗೆ ಚೀಲ ಹಾಕಿಕೊಂಡು ಆ ಓಣಿಗೆ ಬಂದಳು. ಅವಳಿಗೆ ಶಾಲೆಯಲ್ಲಿ ಗಣಿತ ಕಲಿಸಿದ್ದ ಶರಣಯ್ಯ ಮಾಸ್ತರರು ಕಟ್ಟೆಯ ಮೇಲಿದ್ದರು. "ಬಾ ಯವ್ವಾ, ನಿಮ್ಮಪ್ಪ ಇನ್ನೂ ಹುಟ್ಟದ ಫೋನಿಗಿ ಲಗ್ನ ಮಾಡಾಕತ್ತಾನ" ಎಂದರು. ಎಲ್ಲರೂ ನಕ್ಕರು. ಸೂಫಿಯಾ ಮಾತ್ರ ನಗದೆ, "ನೀ ಹೇಳು ಬೇಟಿ, ಬುಕ್ ಮಾಡ್ಲೇನು?" ಎಂದಳು.

ವಿಶಾಖಾ ತಂದೆಯ ಮುಖ ನೋಡಿದಳು. ಮನೆಯಲ್ಲಿ ವಾದಿಸುವುದು ಬೇರೆ, ಓಣಿಯ ಮಂದಿಯ ಮುಂದೆ ಬೇರೆ. ಮೂಕಪ್ಪ ಅದನ್ನು ಗುರುತಿಸಿದ. "ನನ್ನ ಮಾರಿ ಏನ್ ನೋಡ್ತಿ? ಆಕಿ ನಿನ್ನ ಕೇಳ್ಯಾಳ, ಹೇಳು" ಎಂದು ಫೋನನ್ನು ಅವಳ ಕೈಗಿತ್ತ. ಮಗಳು ಹೂಂ ಅನ್ನುತ್ತಾಳೆ, ಮಾತು ಇನ್ನಷ್ಟು ಗಟ್ಟಿಯಾಗುತ್ತದೆ ಎಂಬ ಧೈರ್ಯ ಆತನಿಗೆ.

ವಿಶಾಖಾ ನಿಂತುಕೊಂಡೇ ಮೇಲಿನಿಂದ ಕೆಳತನಕ ಓದಿದಳು. ಆಮೇಲೆ, "ಯಪ್ಪಾ, ರ್‍ಯಾಮ್ ಇಪ್ಪತ್ನಾಕು ಅಲ್ಲ, ಹನ್ನೆರಡು" ಎಂದಳು.

"ಕಣ್ಣು ಕಾಣ್ತಾವಿಲ್ಲೋ? ಇಪ್ಪತ್ನಾಕು ಅಂತ ದಪ್ಪಕ್ಷರದಾಗ ಬರದಾರ."

"ಬಾಜೂಕ ಚುಕ್ಕಿ ಇಟ್ಟಾರ ನೋಡು. ಖರೆ ಇರೋದು ಹನ್ನೆರಡು. ಉಳಿದ ಹನ್ನೆರಡು ಸ್ಟೋರೇಜಿನಾಗಿಂದು, ಕಡಾ ತಂದದ್ದು. ಪಡಸಾಲ್ಯಾಗ ಜಾಗ ಸಾಲ್ದ ಮಂದೀನ ಹಿತ್ತಲಕ್ಕ ಕುಂದರಿಸಿ, ನಮ್ಮ ಪಡಸಾಲಿ ದೊಡ್ಡದು ಅಂದಂಗ. ಹಿತ್ತಲದಾಗಿನವ್ರನ್ನ ಕರದ್ರ ಬರಾಕ ಹೊತ್ತು ಹಿಡಿತದ."

ಕಟ್ಟೆಯ ಮೇಲೆ ಯಾರೋ "ಆಹಾ" ಎಂದರು. ಮೂಕಪ್ಪ ಕೈ ಬೀಸಿದ. "ಆತು, ಹನ್ನೆರಡೇನು ಕಮ್ಮಿ ಆತೇನು? ಕ್ಯಾಮೆರಾ ನೋಡು. ಎರಡುನೂರು!"

"ಪಿಕ್ಸೆಲ್ ಎರಡುನೂರು ಖರೆ, ಆದ್ರ ಅವನ್ನೆಲ್ಲ ತುಂಬಿರೋ ಸೆನ್ಸರ್ ಸಣ್ಣದು. ನಮ್ಮ ಅಂಗಳದಾಗ ಮಳಿ ನೀರು ಹಿಡಿಯಾಕ ನೂರು ಚರಿಗಿ ಇಟ್ರೇನು, ಹತ್ತು ಕೊಡ ಇಟ್ರೇನು? ಅಂಗಳ ಇದ್ದಷ್ಟ ಇರ್ತದ, ಬೀಳೋ ಮಳಿನೂ ಅಷ್ಟ. ಬೆಳಕೂ ಹಂಗ. ಸೂಫಿಯಾಂಟಿ ಅಂಗಡ್ಯಾಗ ಒಂದ ಟ್ಯೂಬ್‌ಲೈಟು. ಅಲ್ಲಿ ಜರಿ ಬಣ್ಣ ಚಂದ ಬರಬೇಕಂದ್ರ ಸೆನ್ಸರ್ ದೊಡ್ಡದಿರಬೇಕು."

ಮೂಕಪ್ಪ ಈಗ ಕಟ್ಟೆಯಿಂದ ಇಳಿದು ನಿಂತ. ಇದು ಆತನಿಗೆ ಹುರುಪು ಬಂದ ಗುರುತು. ಬ್ಯಾಟರಿ ಹಿಡಿದುಕೊಂಡ. ಏಳು ಸಾವಿರ ಎಂದರೆ ಎರಡು ದಿನ, ಕರೆಂಟು ಹೋದರೂ ಅಂಜಿಕೆಯಿಲ್ಲ, ಇದಕ್ಕೇನಂತಿ ಎಂದು ಸವಾಲು ಹಾಕಿದ. ವಿಶಾಖಾ, "ಅದನ್ನ ಒಪ್ಪಿದೆ. ಬ್ಯಾಟರಿ ಚಲೋ ಅದ, ಅದರಾಗ ಮಾತಿಲ್ಲ" ಎಂದಳು. ಮೂಕಪ್ಪ ಮಂದಿಯತ್ತ ತಿರುಗಿ ಮೀಸೆ ಮುಟ್ಟಿಕೊಂಡ. ಅಷ್ಟರಲ್ಲೇ ಅವಳು ಪ್ರೊಸೆಸರ್, ಬಿಸಿಲಿನ ಹೊಳಪು ಇವುಗಳ ಮಾತಿಗೆ ಬಂದಳು. ಪ್ರೊಸೆಸರ್ ಹೋದ ವರ್ಷದ್ದೇ, ಹೆಸರಷ್ಟೇ ಹೊಸದು. ಹೊಳಪಿನ ಲೆಕ್ಕ ಪರದೆಯ ಚೂರು ಭಾಗಕ್ಕೆ, ಅದೂ ಗಳಿಗೆ ಹೊತ್ತು ಮಾತ್ರ. ಫೋನು ಕಾದು ಬಿಸಿಯಾದರೆ ವೇಗ, ಹೊಳಪು ಎರಡೂ ತಗ್ಗುತ್ತವೆ ಎಂದಳು.

"ಕಾಯಂಗಿಲ್ಲ! ಒಳಗ ವೇಪರ್ ಚೇಂಬರ್ ಹಾಕ್ಯಾರ. ಓದಿಲ್ಲೇನು?"

"ಓದೀನಿ. ಅದು ಕಾವು ನುಂಗಂಗಿಲ್ಲ ಯಪ್ಪಾ, ಒಳಗಿಂದು ಹೊರಗ ಹಾಕ್ತದ. ಮೇ ತಿಂಗಳದಾಗ ರಾಯಚೂರಾಗ ಹೊರಗ ಅಂದ್ರ ಏನು? ರೊಟ್ಟಿ ಹಂಚು. ಹಂಚಿನ ಮ್ಯಾಲ ಕಾವು ಚೆಲ್ಲಿದ್ರ ಎಲ್ಲಿಗಿ ಹೋಗ್ತದ? ಸೂಫಿಯಾಂಟಿ ದಿನಾ ಇಸ್ತ್ರಿ ಪೆಟ್ಟಿಗಿ ಬಾಜೂಕ ಇಟ್ಕೊಂಡು ಬಳಸ್ತಾರ."

ಹಂಪಯ್ಯ ಗಲ್ಲಾಪೆಟ್ಟಿಗೆಯ ಮೇಲೆ ಮೊಳಕೈ ಊರಿ, ಬಂದ ಗಿರಾಕಿಯನ್ನೂ ಮರೆತು ನಿಂತಿದ್ದ. ಶರಣಯ್ಯ ಮಾಸ್ತರರು ಮೂಕಪ್ಪನ ಕಡೆ ನೋಡಿದರು. ಮೂಕಪ್ಪನ ಹತ್ತಿರ ಇನ್ನೊಂದು ಬಾಣವಿತ್ತು. ಎಂಥ ಹುಡುಗನನ್ನೂ ಅದರಿಂದಲೇ ಕೆಡವುತ್ತಿದ್ದದ್ದು. ಈ ಸಲ ಬಾಣವೆಂದಲ್ಲ, ಮಗಳು ಏನೆನ್ನುತ್ತಾಳೋ ಎಂಬ ಆಸೆಯಿಂದಲೇ ಅದನ್ನು ಬಿಟ್ಟ.

"ಇದೆಲ್ಲ ಇರ್ಲಿ. ಮಸರಕಲ್ ಹಳ್ಳದ ತಗ್ಗಿನಾಗ ನಿಮ್ಮ ಕಾಕಾನ ಹೊಲ ಅದ. ಅಲ್ಲಿ ಯಾವ ಫೋನೂ ನೆಟ್ಟಗ ಮಾತಾಡಿಲ್ಲ. ಇದು ಮಾತಾಡ್ತದೇನು? ಬರೀ ವಿವರ ನೋಡಿ ಹೇಳ್ತೀಯೇನು, ಹೇಳು."

ಕಾಲೇಜು ಹುಡುಗರು ಇಲ್ಲಿ ತೊದಲುತ್ತಿದ್ದರು. ವಿಶಾಖಾ ತೊದಲಲಿಲ್ಲ. ವಿವರದ ಕಟ್ಟಕಡೆಗೆ ಹೋಗಿ ಸಣ್ಣಕ್ಷರದ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಮಾತಾಡ್ತದ. ಏಳುನೂರು ಮೆಗಾಹರ್ಟ್ಜಿನ ಬ್ಯಾಂಡ್ ಕೊಟ್ಟಾರ ನೋಡು. ಅದು ತಗ್ಗಿನ ಅಲೆ. ದೂರ ಹೋಗ್ತದ, ದಿನ್ನಿ ಅಡ್ಡ ಬಂದ್ರೂ ಬಳಸ್ಕೊಂಡು ಇಳಿತದ. ದೇವದುರ್ಗದ ಕಡೆ ಟವರಿನಾಗ ಆ ಬ್ಯಾಂಡ್ ಹಾಕ್ಯಾರ, ಹೋದ ತಿಂಗಳ ಹುಡುಗರನ್ನ ಕರ್ಕೊಂಡು ಹೋಗಿ ಸಿಗ್ನಲ್ ಅಳದು ಬಂದೀನಿ. ಕಾಕಾನ ಹೊಲದಾಗೂ ಅಳದೀನಿ, ಅಲ್ಲೂ ಸಿಗ್ತದ." ಅವಳು ತಲೆ ಎತ್ತಿದಳು. "ಈ ಫೋನಿನಾಗ ಎದಿ ತಟ್ಟಿ ಹೊಗಳಬೇಕಾದ್ದು ಅದೊಂದ. ಆಗಿಂದ ಹೊಗಳಾಕತ್ತಿ, ಅದನ್ನ ಬಿಟ್ಟು ಎಲ್ಲಾ ಹೇಳ್ದಿ."

ಮೂಕಪ್ಪ ನಿಜಕ್ಕೂ ಮೂಕನಾಗಿ ನಿಂತಿದ್ದ. ಸೂಫಿಯಾ ಸೆರಗು ಬಾಯಿಗೆ ಹಚ್ಚಿಕೊಂಡಳು. ಅತಿಯಾಯಿತೇನೋ ಅನ್ನಿಸಿ ವಿಶಾಖಾ, "ಯಪ್ಪಾ..." ಎಂದು ಒಂದು ಹೆಜ್ಜೆ ಮುಂದಿಟ್ಟಳು.

ಮೂಕಪ್ಪನಿಗೆ ಆಗ ಅವಮಾನ ಎಂಬುದು ನೆನಪಿಗೂ ಬಂದಿರಲಿಲ್ಲ. ತನ್ನ ಮಗಳು ತಾನು ಅಡ್ಡಾಡಿದ ಗುಡ್ಡ ಹಳ್ಳಗಳಲ್ಲೇ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅಡ್ಡಾಡಿದ್ದಾಳೆ; ತಾನು ಕಂಬದ ಮೇಲೆ ಕೂತು ಕೈಯಿಂದ ಹಿಡಿಯುತ್ತಿದ್ದ ಮಾತನ್ನು ಇವಳು ಗಾಳಿಯಲ್ಲೇ ಹಿಡಿದು ಅಳೆಯುತ್ತಾಳೆ; ಇಡೀ ಓಣಿ ಅವಳ ಬಾಯಿ ನೋಡುತ್ತ ನಿಂತಿದೆ.

"ಸೋತೆ!" ಎಂದು ಆತ ಕೂಗಿದ. ಬಸ್ ಸ್ಟ್ಯಾಂಡಿನತನಕ ಕೇಳಿಸುವಂತೆ ಕೂಗಿದ. "ಮಾಸ್ತರ್ರ, ಎಲ್ಲರೂ ಕೇಳ್ರಿ, ಇವತ್ತ ನಾ ಸೋತೆ! ಲೇ ಹಂಪಯ್ಯಾ, ಚಹಾ ಹೇಳು ಎಲ್ಲರಿಗೂ. ಸಕ್ಕರಿ ಜಾಸ್ತಿ ಹಾಕ್ಸು."

ನಗು ಎದ್ದಿತು. ಚಹಾ ಬಂತು. ಫೋನು ಕೈಗೆ ಸಿಗುವತನಕ ತಡೆಯಿರಿ, ನಿಮ್ಮ ಅಂಗಡಿಯ ಬೆಳಕಿನಲ್ಲೇ ನಾಲ್ಕು ಫೋಟೊ ತೆಗೆದು ನೋಡಿ ಆಮೇಲೆ ಕೊಳ್ಳೋಣ ಎಂದು ವಿಶಾಖಾ ಸೂಫಿಯಾಗೆ ಹೇಳಿದಳು. ಸೂಫಿಯಾ, "ನೀ ಬಂದಾಗ ನಾ ತಗೋತೀನಿ, ಅಲ್ಲೀತನ ಇಲ್ಲ" ಎಂದು ಖಡಾಖಂಡಿತ ಹೇಳಿ ಅಂಗಡಿಗೆ ಹೋದಳು.

ಮನೆಗೆ ಹೋದಾಗ ಮೂಕಪ್ಪ ಹೊಸ್ತಿಲಲ್ಲೇ ಸುದ್ದಿ ಹೇಳಿದ. ಬಸ್ಸಮ್ಮ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಸೋತು ಬಂದವರು ಯಾರರ ಹಿಂಗ ಎದಿ ಉಬ್ಬಿಸ್ಕೊಂಡು ಬರ್ತಾರೇನು?"

"ನೀ ಇರಬೇಕಾಗಿತ್ತು ಬಸ್ಸವ್ವಾ. ಒಂದೊಂದ ಮಾತು ಗೂಟ ಹೊಡದಂಗ ಹೊಡದಾಳ."

"ಕಲಿಸಿದವ ನೀನ ಅಲ್ಲೇನು? ಬಾ, ಉಣ್ಣು" ಎಂದಳು ಬಸ್ಸಮ್ಮ. ಆದರೆ ಮಗಳ ತಟ್ಟೆಗೆ ಬದನೆಕಾಯಿ ಬಡಿಸುವಾಗ ಅವಳ ಕೈಯೂ ಎಂದಿಗಿಂತ ಧಾರಾಳವಾಗಿತ್ತು.

ಆ ವಾರವೆಲ್ಲ ಮೂಕಪ್ಪನಿಗೆ ಅದೇ ಕೆಲಸ. ದೇವದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದವರಿಗೆ ಹೇಳಿದ. ಬ್ಯಾಂಕಿನ ಸಾಲಿನಲ್ಲಿ ಹೇಳಿದ. ಕೊನೆಗೆ ಕಲ್ಮಲದಲ್ಲಿರುವ ಹಳೆಯ ಜೊತೆಗಾರ ತಾಯಣ್ಣನ ಮನೆಗೇ ಹೋದ. ಕಂಬ ಹತ್ತುವ ಕಾಲದಿಂದ ತಾಯಣ್ಣ ಮೂಕಪ್ಪನ ವಾದಕ್ಕೆ ಬೇಸತ್ತವನು. "ನೀನು ಸೋತ್ಯಾ? ಯಾರಿಗಿ?" ಎಂದು ಹಿಗ್ಗಿನಿಂದ ಕೇಳಿದ.

"ಲೆಕ್ಚರರ್ ವಿಶಾಖಾ ಮೂಕಪ್ಪಗ" ಎಂದ ಮೂಕಪ್ಪ, ಒಂದೊಂದೇ ಅಕ್ಷರ ಬಿಡಿಸಿ.

ಕಥೆ ಪೂರಾ ಹೇಳಿದ. ಹೇಳುವಾಗ ರ್‍ಯಾಮ್ ಹನ್ನೆರಡಲ್ಲ, ಎಂಟಕ್ಕೆ ಇಳಿಯಿತು. ಕಟ್ಟೆಯ ಮಂದಿ ನೂರಾದರು. ತಾಯಣ್ಣನಿಗೆ ನಂಬಿಕೆ ಬರಲಿಲ್ಲ. ಸಾಕ್ಷಿ ಬೇಕೆಂದ. ಮೂಕಪ್ಪ ಅಲ್ಲಿಂದಲೇ ಮಗಳಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ.

"ಯಪ್ಪಾ, ಎಂಟು ಅಂತ ನಾ ಯಾವಾಗ ಅಂದೆ? ಹನ್ನೆರಡು ಅಂದೀನಿ" ಎಂದಿತು ಆ ಕಡೆಯ ದನಿ.

"ಎಂಟ ಅಂದಿ ಬೇ. ನನ್ನ ಕಿವಿ ಇನ್ನೂ ಚಲೋ ಅದಾವ."

"ಹನ್ನೆರಡು ಯಪ್ಪಾ. ಬೇಕಾದ್ರ ಮಾಸ್ತರ್ರನ್ನ ಕೇಳು."

"ಮಾಸ್ತರ್ರಿಗೇನು ತಿಳಿತದ?" ಎಂದು ಮೂಕಪ್ಪ ಕಾಲ ಮೇಲೆ ಕಾಲು ಹಾಕಿ ಕೂತ. ಮುಖ ಅರಳಿ ಹೋಗಿತ್ತು. ತಾಯಣ್ಣ ಒಳಗೆ ತಿರುಗಿ, "ಏ, ಇನ್ನೊಂದು ಕಪ್ ಚಹಾ ಇಡ್ರಿ, ಇವ ಸದ್ಯ ಏಳಂಗಿಲ್ಲ" ಎಂದು ಕೂಗಿದ.