ಕಾಕು ಏರದ ಹಡಗು

ಗುರೆಳ್ಳು ಹುರಿಯುವಾಗ ನನಗೆ ಮೊದಲು ವಾಸನೆ ಬರುತ್ತದೆ, ಆಮೇಲೆ ಸಿಟ್ಟು, ಕಡೆಗೆ ನೆನಪು. ಮೊನ್ನೆ ಲಂಡನ್ ಅಂಚಿನ ಸಟನ್ನಿನ ನಮ್ಮ ಅಡುಗೆಮನೆಯಲ್ಲಿ ಬಾಣಲೆಯ ಗುರೆಳ್ಳು ಚಟಪಟ ಅನ್ನಲು ಶುರುವಾದದ್ದೇ ತಡ, ಮಗಳು "ಮಮ್, ಸ್ಮೋಕ್ ಅಲಾರ್ಮ್!" ಎಂದು ಕೂಗಿ ಕಿಟಕಿ ತೆಗೆಯಲು ಓಡಿಬಂದಳು. ನಾನು ಮೈಸೂರಿನವಳು; ನಮ್ಮ ಮನೆಯಲ್ಲಿ ಗುರೆಳ್ಳು ಚಟ್ನಿಪುಡಿ ಮಾಡಿದ್ದನ್ನು ಕಂಡವಳಲ್ಲ. ಅದನ್ನು ಕಲಿಸಿದವರು ಅದೇ ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ, ಓದುವ ದಿನಗಳಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ. ವಿಜಾಪುರದ ಕಡೆಯವರು. ಮಹಡಿಯ ಮೇಲಿದ್ದ ಹುಡುಗಿಯರಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ; ಅವರ ಗಂಡ ಕಾಕಾ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಇಂಗ್ಲೆಂಡಿನವರೆಗೆ ಬಂದು ಯೂರೋಪ್ ನೋಡದೆ ಹೋದರೆ ಊರಲ್ಲಿ ಮುಖ ತೋರಿಸುವುದು ಹೇಗೆ? ನೋಡೋಣವೆಂದರೆ ಕೈಯಲ್ಲಿ ಕಾಸಿಲ್ಲ. ಅದಕ್ಕೆ ನಮಗಿದ್ದ ದಾರಿ ಒಂದೇ, ವಿಕ್ಟೋರಿಯಾ ಬಸ್ ನಿಲ್ದಾಣದಿಂದ ಶುಕ್ರವಾರ ಸಂಜೆ ಹೊರಡುವ ಕೋಚ್. ಡೋವರ್‌ನಲ್ಲಿ ಬಸ್ಸೇ ಹಡಗಿನ ಹೊಟ್ಟೆಯೊಳಗೆ ಹೋಗಿ ನಿಲ್ಲುತ್ತಿತ್ತು, ಬೆಳಗಾಗುವುದರೊಳಗೆ ಪ್ಯಾರಿಸ್ಸೋ ಬ್ರಸೆಲ್ಸೋ. ರಾತ್ರಿ ಬಸ್ಸಿನಲ್ಲೇ ಕಳೆದರೆ ಹಾಸ್ಟೆಲ್ ಬಾಡಿಗೆ ಉಳಿಯಿತು. ಊಟದ ಖರ್ಚನ್ನು ಕಾಕು ಉಳಿಸುತ್ತಿದ್ದರು. ಖಡಕ್ ರೊಟ್ಟಿ, ಗುರೆಳ್ಳು ಪುಡಿ, ಶೇಂಗಾ ಪುಡಿ ಎಲ್ಲವನ್ನೂ ಬಟ್ಟೆಯಲ್ಲಿ ಬಿಗಿದು ಬುತ್ತಿ ಕಟ್ಟಿ ಕೊಡುತ್ತಿದ್ದರು. ಐಫೆಲ್ ಗೋಪುರದ ಕೆಳಗೆ ಹುಲ್ಲಿನ ಮೇಲೆ ಕೂತು ನಾವು ಆ ರೊಟ್ಟಿ ಮುರಿಯುತ್ತಿದ್ದರೆ ಸದ್ದಿಗೆ ಪಾರಿವಾಳಗಳೂ ದೂರ ಸರಿಯುತ್ತಿದ್ದವು.

ಹಿಂತಿರುಗಿ ಬಂದಾಗ ಪ್ಯಾರಿಸ್ ಹೇಗಿತ್ತೆಂದು ಕಾಕು ಕೇಳುತ್ತಿರಲಿಲ್ಲ. ಅವರದು ಒಂದೇ ಪ್ರಶ್ನೆ. "ಹಡಗ ಅಲ್ಲಾಡತೈತೇನವಾ? ನಡುವಿಗೆ ಹೋದ ಮ್ಯಾಲೆ ಖರೇನ ದಂಡಿ ಕಾಣಂಗಿಲ್ಲೇನು?" ಬಯಲುಸೀಮೆಯಲ್ಲಿ ಬೆಳೆದವರು, ಮದುವೆಯಾಗಿ ವಿಮಾನದಲ್ಲಿ ಬಂದಿಳಿದವರು. ಸುತ್ತ ನೀರಿರುವ ದೇಶದಲ್ಲಿ ಅಷ್ಟು ವರ್ಷ ಇದ್ದೂ ಸಮುದ್ರದ ಮೇಲೆ ಕಾಲಿಟ್ಟಿರಲಿಲ್ಲ. ಒಮ್ಮೆ ಕಾಕಾ ಹತ್ತಿರದ ಕಡಲತೀರ ಸೌತೆಂಡ್‌ಗೆ ಕರೆದುಕೊಂಡು ಹೋಗಿದ್ದರಂತೆ. ಆಗ ಇಳಿತದ ಹೊತ್ತು. "ನೀರು ಎಲ್ಲೋ ಹಿಂದಕ್ಕ ಹೋಗಿಬಿಟ್ಟಿತ್ತು. ರಾಡಿ ನೋಡಿ, ಚಾ ಕುಡದು ಬಂದ್ವಿ" ಎಂದು ಕಾಕು ನಗುತ್ತಿದ್ದರು. ನಾನೂ ನಕ್ಕಿದ್ದೆ...

"ನನ್ನ ಜೊತೆ ಬನ್ನಿ ಕಾಕು" ಎಂದು ನಾನೇ ಗಂಟುಬಿದ್ದೆ. ಮೊದಲು ಬೈದರು, ಆಮೇಲೆ ಒಂದು ದಿನ ಪಾತ್ರೆ ತೊಳೆಯುತ್ತಾ "ಟಿಕೀಟ ತಗಿಸಿಬಿಡು" ಎಂದರು. ಭಾರತದ ಪಾಸ್‌ಪೋರ್ಟ್ ಆದ್ದರಿಂದ ವೀಸಾ ಬೇಕು. ಬೆಳಗಾಗುವ ಮುಂಚೆಯೇ ಹೋಗಿ ಫ್ರೆಂಚ್ ರಾಯಭಾರ ಕಚೇರಿಯ ಮುಂದೆ ಇಬ್ಬರೂ ಕ್ಯೂ ನಿಂತೆವು. ಕ್ಯೂನಲ್ಲಿದ್ದ ಅಪರಿಚಿತರಿಗೂ ಕಾಕು ರೊಟ್ಟಿ ಹಂಚಿದರು. ಫ್ರಾನ್ಸಿನಲ್ಲಿ ಏನು ನೋಡುತ್ತೀರಿ ಎಂದು ಗಾಜಿನ ಹಿಂದಿದ್ದವನು ಕೇಳಿದ. "ಶಿಪ್" ಎಂದರು ಕಾಕು. ಅವನು ನಕ್ಕ. ವೀಸಾ ಸಿಕ್ಕಿತು, ನಾವು ಕೇಳಿದ್ದ ಆ ವಾರಕ್ಕೆ ಮಾತ್ರ. ಮನೆಗೆ ಬರುವಾಗ ಡಿಸ್ಟ್ರಿಕ್ಟ್ ಲೈನ್ ರೈಲಿನಲ್ಲಿ ಕಾಕು ಪಾಸ್‌ಪೋರ್ಟಿನ ಆ ಹಾಳೆಯನ್ನು ತೆರೆದು ನೋಡಿದ್ದೇ ನೋಡಿದ್ದು. ಕಾಕಾ ಕೂಡ "ಹೋಗಿ ಬರ್ರಿ" ಎಂದಿದ್ದರು.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ಲಂಡನ್ನಿನಲ್ಲಿ ನಮ್ಮ ಹಬ್ಬಗಳೆಲ್ಲ ಶನಿವಾರವೇ ಬರುತ್ತವೆ. ಪಂಚಾಂಗ ಏನಾದರೂ ಹೇಳಲಿ, ಹಾಲ್ ಸಿಕ್ಕ ದಿನವೇ ಯುಗಾದಿ. ಆ ಸಲ ಹಾಲ್‌ನವರು ಎರಡು ಶನಿವಾರ ಖಾಲಿ ಇವೆ ಎಂದಿದ್ದರು. ಯಾವುದೆಂದು ತೀರ್ಮಾನಿಸಲು ನಮ್ಮ ಕನ್ನಡ ಕೂಟದ ಹಿರಿಯರೆಲ್ಲ ಕಾಕಾ ಮನೆಯ ಹಜಾರದಲ್ಲೇ ಸೇರಿದರು. ಕಾಕಾ ಕೂಟಕ್ಕೆ ಯಜಮಾನರಿದ್ದಂತೆ. ನಾನು ಬಿಸ್ಕತ್ತಿನ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ, ಕಣ್ಣಾರೆ ಕಂಡದ್ದನ್ನೇ ಬರೆಯುತ್ತಿದ್ದೇನೆ. "ಮೊದಲನೇ ಶನಿವಾರನೇ ಮಾಡೂಣು, ಹೋಳಿಗಿ ನಮ್ಮಾಕಿ ಮಾಡ್ತಾಳ" ಎಂದುಬಿಟ್ಟರು ಕಾಕಾ. ಅದು ನಮ್ಮ ಪ್ಯಾರಿಸ್ ಶನಿವಾರ.

ಚಹಾದ ಟ್ರೇ ಹಿಡಿದು ಬಂದ ಕಾಕು ಬಾಗಿಲಲ್ಲೇ ನಿಂತು ಹೇಳಿದರು. "ಅವತ್ತ ನಾ ಇರಂಗಿಲ್ಲರೀ. ಹಡಗಿನ್ಯಾಗ ಹೊಂಟೀನಿ."

ಎಲ್ಲರೂ ನಕ್ಕರು. ತಮಾಷೆ ಎಂದುಕೊಂಡರು! ಸ್ಟ್ಯಾನ್ಮೋರ್‌ನಿಂದ ಬಂದಿದ್ದ ಡಾಕ್ಟರ ಹೆಂಡತಿ "ಅಯ್ಯೋ, ನಿಮ್ಮ ಹೋಳಿಗೆ ಇಲ್ದೆ ಯುಗಾದಿನಾ? ನೀವು ನಮ್ಮ ಅನ್ನಪೂರ್ಣೇಶ್ವರಿ ಕಣ್ರೀ" ಎಂದರು. ನನಗೆ ತಡೆಯಲಾಗಲಿಲ್ಲ. "ಅದರ ಮುಂದಿನ ಶನಿವಾರಾನೂ ಹಾಲ್ ಖಾಲಿ ಇದ್ಯಲ್ಲ ಕಾಕಾ, ಅವತ್ತು ಮಾಡ್ಬೋದಲ್ವಾ?" ಎಂದೆ. ಕಾಕಾ ನನ್ನ ಕಡೆ ತಿರುಗಿ ಮೆಲ್ಲಗೆ "ನೀ ಓದಾಕ ಬಂದೀಯವಾ, ಓದು" ಎಂದರು. ಆಮೇಲೆ ಹೆಂಡತಿಗೆ "ಪ್ಯಾರಿಸ್ ಎಲ್ಲೆ ಓಡಿ ಹೋಗತೈತಿ? ಮುಂದಿನ ಸಲ ಹೋಗೀಯಂತ. ಈಗ ಎಲ್ಲಾರ ಮುಂದ ಮಾತು ಕೊಟ್ಟೀನಿ" ಎಂದರು. ಕೊಟ್ಟದ್ದು ಯಾರ ಮಾತು? ಬೇಯುವುದು ಯಾರ ಕೈ? ಇದನ್ನು ಆ ಹಜಾರದಲ್ಲಿ ಒಬ್ಬರೂ ಕೇಳಲಿಲ್ಲ. ಹೋಳಿಗೆ ನಾವು ಹಂಚಿಕೊಂಡು ಮಾಡುತ್ತೇವೆ, ನೀವು ಹೋಗಿ ಬನ್ನಿ ಎಂದು ಒಂದು ಹೆಣ್ಣಾದರೂ ಬಾಯಿ ಬಿಡಬಹುದಿತ್ತು. ಹೊಗಳಿ ಕಟ್ಟಿಹಾಕುವುದು ನಮ್ಮ ಜನಕ್ಕೆ ಹುಟ್ಟಿನಿಂದಲೇ ಗೊತ್ತು. ದೇವಿಯ ಹೆಸರಿಟ್ಟುಬಿಟ್ಟರೆ ಆಯಿತು, ದೇವಿ ಗರ್ಭಗುಡಿ ಬಿಟ್ಟು ಹೊರಗೆ ಬರಬಾರದಲ್ಲ!

ಕಾಕು ಟ್ರೇ ಇಟ್ಟು ಒಳಗೆ ಹೋದರು. ಹಿಂದೆಯೇ ಹೋಗಿ "ಆಗಲ್ಲ ಅನ್ನಿ ಕಾಕು" ಎಂದು ಬೇಡಿಕೊಂಡೆ. "ಅಂದ್ನೆಲ್ಲವಾ, ನೀನೂ ಕೇಳಿದಿ. ಇನ್ನ ಹೆಂಗ ಅನಬೇಕು?" ಎಂದರು. ಅವರ ದನಿಯಲ್ಲಿ ಅಳುವಿರಲಿಲ್ಲ, ಬೆಂಕಿಯಿತ್ತು. ಕಡಲೆಬೇಳೆಯ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿದ ರಭಸಕ್ಕೆ ಅದರ ಮುಚ್ಚಳ ಹಾರಿ ನೆಲಕ್ಕೆ ಬಿತ್ತು.

ನಾನೂ ಹೋಗುವುದಿಲ್ಲವೆಂದು ಹಟ ಹಿಡಿದೆ. ಅಗ್ಗದ ಟಿಕೆಟ್, ಬೇಡವೆಂದರೆ ದುಡ್ಡು ವಾಪಸಿಲ್ಲ. "ಒಂದ ಸೀಟ ಹಾಳಾದದ್ದ ಸಾಕು" ಎಂದು ಬುತ್ತಿ ಕಟ್ಟಿ ಕಾಕುವೇ ನನ್ನನ್ನು ಹೊರಗೆ ದಬ್ಬಿದರು. ಹಡಗಿನ ಅಟ್ಟದ ಮೇಲೆ ಕಂಬಿ ಹಿಡಿದು ನಿಂತಾಗ ದಂಡೆ ಕಾಣಲಿಲ್ಲ, ಹಡಗು ಚೆನ್ನಾಗಿಯೇ ಅಲ್ಲಾಡಿತು. ನಾನು ಗಾಳಿಗೆ ಮುಖ ಕೊಟ್ಟು ಕಾಕಾರನ್ನು ಬಾಯಿಗೆ ಬಂದಂತೆ ಬೈದೆ. ಪಕ್ಕದಲ್ಲಿದ್ದ ಸ್ಪ್ಯಾನಿಷ್ ಹುಡುಗ ನನಗೆ ಹೊಟ್ಟೆ ತೊಳಸುತ್ತಿದೆಯೆಂದುಕೊಂಡು ನೀರಿನ ಬಾಟಲಿ ಚಾಚಿದ. ಆ ಹೊತ್ತಿಗೆ ಈಸ್ಟ್ ಹ್ಯಾಮ್‌ನಲ್ಲಿ ಕಾಕು ಹೂರಣ ರುಬ್ಬುತ್ತಿದ್ದಿರಬೇಕು. ಹಬ್ಬಕ್ಕೆ ಬಂದವರು ಉಂಡೂ ಹೋದರು, ಕೊಂಡೂ ಹೋದರು. ಡಬ್ಬಿಗಳನ್ನು ಮನೆಯಿಂದಲೇ ತಂದಿದ್ದರೆಂದು ಆಮೇಲೆ ತಿಳಿಯಿತು.

ಭಾನುವಾರ ತಡವಾಗಿ ಮನೆಗೆ ಬಂದೆ. ಕಾಕು ನನಗೆಂದು ಎತ್ತಿಟ್ಟಿದ್ದ ಹೋಳಿಗೆಯ ಮೇಲೆ ತುಪ್ಪ ಹಾಕಿಕೊಟ್ಟರು, ಥಂಡಿ ಇತ್ತೇ, ಕಾಲು ನೋವೇ ಎಂದೆಲ್ಲ ವಿಚಾರಿಸಿದರು. ಹಡಗು ಅಲ್ಲಾಡಿತೇ ಎಂದು ಮಾತ್ರ ಕೇಳಲಿಲ್ಲ. ಮತ್ತೆಂದೂ ಕೇಳಲಿಲ್ಲ.

ಆಮೇಲೆ ನನ್ನ ಓದು ಮುಗಿಯಿತು, ಕೆಲಸ, ಮದುವೆ, ಸಟನ್. ಅಷ್ಟರಲ್ಲಿ ಅಗ್ಗದ ವಿಮಾನಗಳು ಬಂದವು. ಮಹಡಿಯ ಹೊಸ ಹುಡುಗಿಯರು ಬಾರ್ಸಿಲೋನಾಗೆ ಹಾರಿ ಬರತೊಡಗಿದರು. ಅವರಿಗೂ ಬುತ್ತಿ ಹೋಗುತ್ತಿತ್ತು. ನಾನು ಹೋದಾಗಲೆಲ್ಲ "ಈ ಬೇಸಿಗೆ ಹೋಗೋಣ ಕಾಕು" ಎನ್ನುತ್ತಿದ್ದೆ. ಮಂಡಿ ಮುಟ್ಟಿ ತೋರಿಸುತ್ತಿದ್ದರು. ಮಂಡಿಯ ನಂತರ ಇನ್ನೇನೋ ಕಾಯಿಲೆ, ಆಸ್ಪತ್ರೆ... ಹೋದ ತಿಂಗಳು ಕಾಕು ತೀರಿಕೊಂಡರು.

ಮೊನ್ನೆ ಭಾನುವಾರ ಕಾಕಾ ಫೋನ್ ಮಾಡಿದ್ದರು. ದನಿ ಸೋತಿತ್ತು. "ಶನಿವಾರ ದೋಣಿ ಬುಕ್ ಮಾಡೇವಿ, ಆಕಿ ಅಸ್ಥಿ ಸಮುದ್ರದಾಗ ಬಿಡಾಕ. ನೀನೂ ಬಾರವಾ, ಆಕಿಗಿ ನೀ ಅಂದ್ರ ಭಾಳ ಜೀವ."

ಸಾವಿನ ಮನೆಯವರೊಡನೆ ಹೇಗೆ ಮಾತಾಡಬೇಕೆಂದು ನನಗೂ ಗೊತ್ತಿದೆ. ಆದರೂ ಬಾಯಿ ನಿಲ್ಲಲಿಲ್ಲ. "ಬದುಕಿದ್ದಾಗ ಕಳಿಸ್ಲಿಲ್ಲ, ಈಗ ಸಮುದ್ರಕ್ಕೆ ಕರ್ಕೊಂಡು ಹೋಗ್ತಿದೀರಾ ಕಾಕಾ?"

ಅವರಿಗೆ ಸಿಟ್ಟು ಬರಲಿಲ್ಲ. ನಿಜವಾಗಿಯೂ ಅಚ್ಚರಿಯಾಯಿತು. "ಏನ ಅಂತೀಯವಾ? ಆಕಿ ಯಾವತ್ತ ಕೇಳಿದ್ಲು? ತಿರಗಾಟ ಅಂದ್ರ ಆಕಿಗಿ ಸೇರತಿದ್ದಿಲ್ಲ. ಮನಿ, ಅಡಗಿ, ಇಷ್ಟ ಆಕಿಗಿ." ಸುಳ್ಳು ಹೇಳುತ್ತಿದ್ದರೆ ಕ್ಷಮಿಸಿಬಿಡುತ್ತಿದ್ದೆನೇನೋ. ಆದರೆ ಅವರಿಗೆ ಅದೆಲ್ಲ ಮರೆತೇಹೋಗಿತ್ತು. ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ, ಆಕೆ ಆಡಿದ ಮಾತು, ಜನರ ನಗು, ಯಾವುದೂ ಅವರ ನೆನಪಿನಲ್ಲಿರಲಿಲ್ಲ.

ಶನಿವಾರ ಹೋಗುತ್ತೇನೆ. ಮಂತ್ರ ಮುಗಿದ ಮೇಲೆ ಆ ದೋಣಿಯಲ್ಲೇ, ಎಲ್ಲರ ಮುಂದೆ, ಕಾಕು ಕೇಳಿದ್ದರು ಎಂದು ಗಟ್ಟಿಯಾಗಿ ಹೇಳುತ್ತೇನೆ. ಯಾರಿಗೆ ಬೇಜಾರಾದರೂ ಆಗಲಿ. ಹೇಳಿದರೆ ಕಾಕು ವಾಪಸು ಬರುತ್ತಾರೆಯೇ... ಬರುವುದಿಲ್ಲ. ಆದರೆ ಆ ಹಜಾರದಲ್ಲಿ ಅವರ ಮಾತು ಕೇಳಿಸಿಕೊಂಡವರಲ್ಲಿ, ಅದನ್ನು ನೆನಪಿಟ್ಟವಳು ಈಗ ನಾನೊಬ್ಬಳೇ.