ನನ್ನ ಹೆಸರಿನ ಜಳಕ

ಗೆಳತಿಯರೇ, ಕ್ಯಾನ್ಸರ್ ವಾಸಿಯಾಗಿ ದವಾಖಾನೆಯಿಂದ ಬಿಟ್ಟ ಮೇಲೆ ಇವತ್ತು ಟ್ರಂಕು ಹಿಡಿದು ಸುರೇಬಾನದ ತವರುಮನೆಗೆ ಹೋದೆ. ತಮ್ಮನ ಹೆಂಡತಿ ಗಂಗವ್ವ ಬಾಗಿಲಿಗೆ ಅಡ್ಡ ನಿಂತಳು. ನನ್ನ ಮುಖ ನೋಡಲಿಲ್ಲ. ದೆವ್ವದ ಪಾದದಂತೆ ಹಿಂದಕ್ಕೆ ತಿರುಗಿವೆಯೇ ಎಂದು ನನ್ನ ಪಾದ ನೋಡಿದಳು.

“ಒಳಗ ಬರಬ್ಯಾಡ್ರಿ ಅಕ್ಕಾರ. ನಿಮ್ಮ ಹೆಸರಲೆ ಎಲ್ಲಾರೂ ಜಳಕಾ ಮಾಡೇವ್ರಿ.”

“ನಾ ಸತ್ತೇನಿ ಅಂತ ಯಾರ ಹೇಳಿದ್ರು?”

“ಯಾರೂ ಹೇಳಿಲ್ರಿ. ಆ ಬ್ಯಾನಿ ಆದವರು ಉಳಿತಾರೇನ್ರಿ?”

“ಗುಣ ಆತಂತ ಕಾರ್ಡ್ ಹಾಕಿದ್ನಲ್ಲ.”

“ಬಂದೈತ್ರಿ. ಇಕ್ಕಳಲೆ ಹಿಡದು ಗ್ವಾಡಿ ಮಾಡದಾಗ ಇಟ್ಟೇವ್ರಿ. ಯಾರೂ ಓದಿಲ್ಲ.”

ಅವಳ ಹಿಂದೆ ಗೋಡೆಯ ಮೇಲೆ ನನ್ನ ಫೋಟೋ ಇತ್ತು. ಅದರ ಮುಂದೆ ದೀಪ ಉರಿಯುತ್ತಿತ್ತು, ಈಗಷ್ಟೇ ಎಣ್ಣೆ ಹಾಕಿದಂತೆ.

ಬಸ್‌ಸ್ಟ್ಯಾಂಡಿಗೆ ಮರಳುವಾಗ ಬಗ್ಗಿ ನನ್ನ ಪಾದ ನೋಡಿಕೊಂಡೆ. ಬೆರಳುಗಳು ಮುಂದಕ್ಕೇ ಇದ್ದವು. ಆದರೂ ಇನ್ನೊಮ್ಮೆ ನೋಡಿಕೊಂಡೆ.