ಸೀಳುತುಟಿಯ ಕೂಸುಗಳಿಗೆ ಹಾಲು ಕುಡಿಸುವ ಕ್ವೇ ಅಕ್ಕ

ಬೆಳಗಿನ ಐದೂವರೆ. ತೈವಾನಿನ ಚಿಯಾಯಿ ಪಟ್ಟಣದ ಮಕ್ಕಳ ವಾರ್ಡಿನಲ್ಲಿ ತ್ಸಾಯ್ ಯೂ-ಕ್ವೇ ಮೂರು ತಿಂಗಳ ಗಂಡುಕೂಸನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡಿದ್ದಾರೆ. ಕೂಸಿನ ಮೇಲ್ದುಟಿ ಮೂಗಿನವರೆಗೆ ಸೀಳಿದೆ, ಅಂಗುಳವೂ ಕೂಡಿಲ್ಲ. ಎಡಗಿವಿಯ ಮುಂದೆ ಹುಟ್ಟಿನಿಂದಲೇ ಬಂದ ಎರಡು ಚರ್ಮದ ಗಂಟುಗಳು, ಅವರೆಕಾಳಿನ ಗಾತ್ರದವು. ಇಂಥ ಬಾಯಿಗೆ ಹಾಲು ಎಳೆಯುವ ಬಿಗಿ ಸಿಗುವುದಿಲ್ಲ. ಕೂಸು ಚೀಪಿದಾಗಲೆಲ್ಲ ಯೂ-ಕ್ವೇ ಮೆತ್ತನೆಯ ಬಾಟಲಿಯನ್ನು ಒಂದು ಸಲ ಹಿಸುಕುತ್ತಾರೆ.

"ಭಲೇ ಪೈಲ್ವಾನ! ಇನ್ನೊಂದು ಗುಟುಕು. ಆಮೇಲೆ ಬೇಕಾದ್ರೆ ಜಗಳ ಆಡೋಣ."

ಐವತ್ತೆಂಟರ ಯೂ-ಕ್ವೇ ಇಲ್ಲಿ ಎಲ್ಲರಿಗೂ ಕ್ವೇ ಅಕ್ಕ. ಹತ್ತೊಂಬತ್ತು ವರ್ಷಗಳ ಹಿಂದೆ ಬಟ್ಟೆ ಕಾರ್ಖಾನೆ ಮುಚ್ಚಿದಾಗ ಈ ಆಸ್ಪತ್ರೆಗೆ ನೆಲ ಒರೆಸಲು ಬಂದವರು. ಮೂಗಿನಲ್ಲಿ ಹಾಲು ಬಂದು ಉಸಿರುಗಟ್ಟಿದ ಕೂಸೊಂದನ್ನು ಹಿರಿಯ ನರ್ಸ್ ಎತ್ತಿ ಹಿಡಿದು, ನಿಧಾನವಾಗಿ ಕುಡಿಸಿದ್ದನ್ನು ಕಂಡು, ಒರೆಸುವ ಕೋಲನ್ನು ಗೋಡೆಗೊರಗಿಸಿ "ನಂಗೂ ಕಲಿಸಿ" ಅಂದರಂತೆ. ಈಗ ದಿನಕ್ಕೆ ಹತ್ತು ಹನ್ನೊಂದು ಕೂಸುಗಳು ಅವರ ತೊಡೆಯೇರುತ್ತವೆ. ಅರ್ಧ ಮುಖಕ್ಕೆ ಕೂದಲುಳ್ಳ ಕಪ್ಪು ಮಚ್ಚೆ ಹಬ್ಬಿದವು, ಮೂಗಿನ ಬುಡದಲ್ಲಿ ಗಡ್ಡೆಯಿರುವವು ಕೂಡ. "ಮೊದಮೊದಲು ಒಂದು ಬಾಟ್ಲಿಗೆ ಒಂದು ಗಂಟೆ ಆಗೋದು. ಕುಡಿದಿದ್ದೆಲ್ಲ ಅಳೋದಕ್ಕೇ ಖರ್ಚು. ಈಗ ಇಪ್ಪತ್ತು ನಿಮಿಷ ಸಾಕು. ಮಣಿಕಟ್ಟು ಮಾತ್ರ ಸಂಜೆ ಹೊತ್ತಿಗೆ ನಂದಲ್ಲ!"

ಈ ಪೈಲ್ವಾನ ತಿಂಗಳ ಕೂಸಾಗಿ ಬಂದಾಗ ಎರಡು ಕಿಲೋ ಒಂಬೈನೂರು ಗ್ರಾಂ ಇದ್ದ. ಐದು ಕಿಲೋ ತುಂಬಿದರೆ ತುಟಿ ಹೊಲಿಯುತ್ತೇವೆ ಎಂದಿದ್ದರು ಡಾಕ್ಟರು. ಕೂಸಿನ ಅಜ್ಜಿ ತಿಂಗಳು ತುಂಬಿದ ಸಂಭ್ರಮಕ್ಕೆ ಅಲ್ಲಿನ ವಾಡಿಕೆಯಂತೆ ನೆಂಟರಿಗೆ ಕೆಂಪು ಬಣ್ಣ ಹಚ್ಚಿದ ಬೇಯಿಸಿದ ಮೊಟ್ಟೆ ಹಂಚಲೂ ಇಲ್ಲ, ಕಿವಿ ಮುಚ್ಚುವ ಟೋಪಿ ತೆಗೆಯಲೂ ಬಿಡಲಿಲ್ಲ.

"ಬಸುರೀಲಿ ಮಂಚದ ಮೇಲೆ ಕೂತು ಕತ್ತರಿ ಆಡಿಸಿದ್ಳು ಇವ್ಳು. ಅದಕ್ಕೇ ಹೀಗಾಯ್ತು" ಎಂದು ಒಂದು ದಿನ ಅಜ್ಜಿ ಅಂದಾಗ ಸೊಸೆ, ಕೂಸಿನ ತಾಯಿ ನಿಂಗ್-ಶಿನ್ ಗೋಡೆ ಕಡೆ ತಿರುಗಿ ಅತ್ತಳು.

ಕ್ವೇ ಅಕ್ಕ ಬಾಟಲಿ ಕೆಳಗಿಡಲಿಲ್ಲ. "ನಾನು ಮೂರು ಬಸುರೀಲೂ ಕಾರ್ಖಾನೇಲಿ ಬೆಳಗಿಂದ ಸಂಜೆ ತನಕ ಬಟ್ಟೆ ಕತ್ತರಿಸಿದವ್ಳು ಕಣ್ರೀ. ಮೂರು ಮಕ್ಕಳ ತುಟೀನೂ ನೆಟ್ಟಗಿದೆ. ಆ ತುಟೀಲೇ ದಿನಾ ನಂಗೆ ಎದುರುತ್ತರ ಕೊಡ್ತವೆ!"

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಅದೇ ಹೊತ್ತಿಗೆ ಕ್ವೇ ಅಕ್ಕ ಬಾಟಲಿಯನ್ನು ಆಕೆಯ ಕೈಗಿಟ್ಟು, "ಇನ್ಮೇಲೆ ಬೈಯೋ ಹೊತ್ತಲ್ಲಿ ಇದನ್ನ ಹಿಸುಕಿ" ಎಂದರು. ಮರುದಿನದಿಂದ ಅತ್ತೆ ಸೊಸೆ ಸರದಿಯಲ್ಲಿ ಕುಡಿಸತೊಡಗಿದರು.

ಇವತ್ತು ತೂಕದ ದಿನ. ಏಳು ಗಂಟೆಗೆ ಅಜ್ಜಿಯೇ ಟೋಪಿ ಕಿತ್ತು ಕೂಸನ್ನು ತಕ್ಕಡಿಯ ಮೇಲೆ ಮಲಗಿಸುತ್ತಾರೆ. ಅಂಕಿ ಓಲಾಡಿ ನಿಲ್ಲುತ್ತದೆ: ಐದು ಕಿಲೋ ನಲವತ್ತು ಗ್ರಾಂ. ನಿಂಗ್-ಶಿನ್ ಅತ್ತೆಯನ್ನು ತಬ್ಬಿಕೊಳ್ಳುತ್ತಾಳೆ. ಮಂಗಳವಾರ ತುಟಿಯ ಹೊಲಿಗೆ, ಕಿವಿಯ ಗಂಟುಗಳೂ ಅಂದೇ ಹೋಗಲಿವೆ. ಅಂಗುಳದ ಹೊಲಿಗೆಗೆ ಮಾತ್ರ ಕೂಸಿಗೆ ವರ್ಷ ತುಂಬಬೇಕು. ಅಜ್ಜಿ ಚೀಲದಿಂದ ಕೆಂಪು ಮೊಟ್ಟೆಗಳನ್ನು ತೆಗೆದು ವಾರ್ಡಿನುದ್ದಕ್ಕೂ ಹಂಚುತ್ತಾರೆ. "ಎರಡು ತಿಂಗಳು ತಡ ಆಯ್ತು, ಬೈಬೇಡಿ. ನನ್ನ ಮೊಮ್ಮಗನ ಮುಖ ನೋಡಿ ತಿನ್ನಿ!"

ನಿಮ್ಮ ಆಸೆಯೇನು ಎಂದು ಕೇಳಿದರೆ ಕ್ವೇ ಅಕ್ಕ ಮೊಟ್ಟೆಯ ಸಿಪ್ಪೆ ಬಿಡಿಸುತ್ತಾ ಯೋಚಿಸುತ್ತಾರೆ.

"ದೊಡ್ಡವರಾದ್ಮೇಲೆ ಇವಕ್ಕೆಲ್ಲ ನನ್ನ ಗುರುತೇ ಇರಲ್ಲ. ಇರೋದೂ ಬೇಡ. ಮೊನ್ನೆ ಚಹಾದಂಗಡಿ ಹತ್ರ ಒಬ್ಳು ಹುಡುಗಿ, ತುಟಿ ಮೇಲೆ ಹಳೇ ಹೊಲಿಗೆಯ ಸಣ್ಣ ಗೆರೆ. ಸ್ಟ್ರಾ ಕಚ್ಕೊಂಡು ಚಹಾದೊಳಗಿನ ಸಬ್ಬಕ್ಕಿ ಉಂಡೆನೆಲ್ಲ ಸೊರ್ರಂತ ಎಳೀತಿದ್ಳು. ಬೀದಿಗೆಲ್ಲ ಕೇಳ್ಸೋ ಹಂಗೆ! ನಾನು ಅಲ್ಲೇ ನಿಂತು ಆ ಲೋಟ ಖಾಲಿ ಆಗೋ ತನಕ ಕೇಳ್ದೆ."